ನಿಷೇಧ ಇನ್‌ಸ್ಟಾಗ್ರಾಂಗೆ, ಕಿರುಕುಳ ಕ್ಲಾಸ್ ಗ್ರೂಪಿನಲ್ಲಿ: ಅಪ್ಪ ಅಮ್ಮ ತಿಳಿದಿರಬೇಕಾದದ್ದು

2025ರ ಡಿಸೆಂಬರ್ 10ರಂದು ಆಸ್ಟ್ರೇಲಿಯಾದಲ್ಲಿ ಹೊಸ ಕಾನೂನು ಜಾರಿಗೆ ಬಂತು. 16 ವರ್ಷ ತುಂಬದ ಮಕ್ಕಳು ದೊಡ್ಡ ಸೋಷಿಯಲ್ ಮೀಡಿಯಾ ತಾಣಗಳಲ್ಲಿ ಖಾತೆ ಇಟ್ಟುಕೊಳ್ಳುವ ಹಾಗಿಲ್ಲ. ಆ ಸುದ್ದಿ ಬಂದಾಗಿನಿಂದ ನಮ್ಮಲ್ಲೂ ಅದೇ ಚರ್ಚೆ. ಇಲ್ಲೂ ಹಾಗೇ ಮಾಡಬೇಕು ಅಂತ ಕೆಲವರು. ಮಾಡಿದರೂ ಪ್ರಯೋಜನವಿಲ್ಲ ಅಂತ ಇನ್ನು ಕೆಲವರು. ಮನೆಯಲ್ಲಿ ಏಳನೇ ಕ್ಲಾಸೋ ಒಂಬತ್ತನೇ ಕ್ಲಾಸೋ ಓದುವ ಮಗು ಇರುವವರ ಪ್ರಶ್ನೆ ಬೇರೆ. ನನ್ನ ಮಗುವನ್ನು ಫೋನಿನಲ್ಲಿ ಯಾರಾದರೂ ಪೀಡಿಸುತ್ತಿದ್ದರೆ ಇಂಥ ಕಾನೂನು ಅದನ್ನು ನಿಲ್ಲಿಸುತ್ತದಾ? ಅಲ್ಲಿಯವರೆಗೆ ನಾನು ಏನು ಮಾಡಲಿ?

ಇವು ಎರಡು ಬೇರೆ ಪ್ರಶ್ನೆಗಳು. ಒಂದರೊಳಗೆ ಒಂದು ಸೇರಿಕೊಂಡಿರುವುದರಿಂದಲೇ ಇಷ್ಟು ಗೊಂದಲ.

ಆ ಕಾನೂನಿನೊಳಗೆ ಏನಿದೆ

ಆಸ್ಟ್ರೇಲಿಯಾದ ಸಂಸತ್ತು ಇದನ್ನು ಒಪ್ಪಿದ್ದು 2024ರ ನವೆಂಬರ್‌ನಲ್ಲಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್, ಟಿಕ್‌ಟಾಕ್, ಎಕ್ಸ್, ಯೂಟ್ಯೂಬ್ ಸೇರಿ ಮೊದಲಿಗೆ ಹತ್ತು ತಾಣಗಳು ಇದರ ವ್ಯಾಪ್ತಿಗೆ ಬಂದವು. ಶಿಕ್ಷೆ ಮಗುವಿಗೂ ಇಲ್ಲ, ಅಪ್ಪ ಅಮ್ಮನಿಗೂ ಇಲ್ಲ. ವಯಸ್ಸು ಪರೀಕ್ಷಿಸುವ ಹೊಣೆ ಕಂಪನಿಗಳದ್ದು. ತಪ್ಪಿದರೆ 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ ದಂಡ. ಜಾರಿಯಾದ ಸ್ವಲ್ಪ ದಿನಗಳಲ್ಲೇ ಸುಮಾರು 47 ಲಕ್ಷ ಖಾತೆಗಳನ್ನು ಮುಚ್ಚಲಾಗಿದೆ ಎಂದು ಅಲ್ಲಿನ ಸರ್ಕಾರ ಹೇಳಿತು.

ನಾವು ಗಮನಿಸಬೇಕಾದದ್ದು ಪಟ್ಟಿಯಲ್ಲಿ ಇಲ್ಲದ ಹೆಸರನ್ನು. ವಾಟ್ಸಾಪ್ ಇದರ ವ್ಯಾಪ್ತಿಯಲ್ಲಿಲ್ಲ. ಮೆಸೇಜ್ ಕಳಿಸುವ ಆ್ಯಪ್‌ಗಳನ್ನೂ ಆನ್‌ಲೈನ್ ಆಟಗಳನ್ನೂ ಹೊರಗಿಟ್ಟಿದ್ದಾರೆ. ನಮ್ಮ ಊರುಗಳಲ್ಲಿ ಹನ್ನೆರಡು ಹದಿಮೂರರ ಮಕ್ಕಳ ಜಗಳ, ಗೇಲಿ, ಗುಂಪುಗಾರಿಕೆ ಜಾಸ್ತಿ ನಡೆಯುವುದು ಎಲ್ಲಿ? ಟೀಚರ್ ಇಲ್ಲದ ಕ್ಲಾಸ್ ಗ್ರೂಪಿನಲ್ಲಿ, ಟ್ಯೂಷನ್ ಗ್ರೂಪಿನಲ್ಲಿ, ಆಟದ ಆ್ಯಪಿನ ಚಾಟ್‌ನಲ್ಲಿ. ಅಂದರೆ ಆ ಕಾನೂನನ್ನು ಹಾಗೆಯೇ ತಂದು ಇಲ್ಲಿ ಇಟ್ಟರೂ ಆ ಜಾಗಗಳ ಬಾಗಿಲು ತೆರೆದೇ ಇರುತ್ತದೆ.

ಆಸ್ಟ್ರೇಲಿಯಾದಲ್ಲಿ ಇನ್ನೊಂದು ವ್ಯವಸ್ಥೆ ಇದೆ. ಅದರ ಬಗ್ಗೆ ನಮ್ಮಲ್ಲಿ ಚರ್ಚೆಯೇ ಇಲ್ಲ. 2015ರಲ್ಲೇ ಅವರು ಮಕ್ಕಳ ಆನ್‌ಲೈನ್ ಸುರಕ್ಷತೆಗೆಂದು ಪ್ರತ್ಯೇಕ ಕಮಿಷನರ್ ಕಚೇರಿ ತೆರೆದರು. 2021ರ ಕಾನೂನು ಅದಕ್ಕೆ ಇನ್ನಷ್ಟು ಬಲ ಕೊಟ್ಟಿತು. ಮಗುವನ್ನು ಪೀಡಿಸುವ ಪೋಸ್ಟ್ ಕಂಡರೆ ಮೊದಲು ಆ ತಾಣಕ್ಕೆ ದೂರು ಕೊಡಬೇಕು. 48 ಗಂಟೆಯಲ್ಲಿ ತೆಗೆಯದಿದ್ದರೆ ಕಮಿಷನರ್ ಕಚೇರಿಗೆ ಹೋಗಬಹುದು. ಕಚೇರಿ ನೋಟಿಸ್ ಕೊಟ್ಟರೆ ಕಂಪನಿ 24 ಗಂಟೆಯಲ್ಲಿ ಅದನ್ನು ತೆಗೆಯಬೇಕು. ಪೀಡನೆಗೆ ಒಳಗಾದ ಮಗುವಿನ ಮಟ್ಟಿಗೆ ನೋಡಿದರೆ ವಯಸ್ಸಿನ ನಿಷೇಧಕ್ಕಿಂತ ಈ ಬಾಗಿಲೇ ಹೆಚ್ಚು ಉಪಯೋಗದ್ದು. ನಮ್ಮಲ್ಲಿ ಕೇಳಬೇಕಾದದ್ದೂ ಮೊದಲು ಇದನ್ನೇ.

ಬೇಕು ಎನ್ನುವವರು, ಬೇಡ ಎನ್ನುವವರು

ನಿಷೇಧ ಬೇಕು ಎನ್ನುವವರ ಮಾತಿನಲ್ಲಿ ಹುರುಳಿದೆ. 'ಎಲ್ಲರ ಹತ್ತಿರಾನೂ ಇದೆ, ನನಗೆ ಮಾತ್ರ ಇಲ್ಲ' ಅಂತ ಮಗು ಅಳುವಾಗ ಒಬ್ಬ ತಾಯಿ ಒಬ್ಬಳೇ ನಿಂತು ಬೇಡ ಅನ್ನುವುದು ಕಷ್ಟ. ಯಾರ ಹತ್ತಿರವೂ ಇಲ್ಲ ಅಂತಾದರೆ ಆ ಒತ್ತಡವೇ ಇಳಿಯುತ್ತದೆ. ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠವೂ 2023ರ ಸೆಪ್ಟೆಂಬರ್‌ನಲ್ಲಿ ಎಕ್ಸ್ ಕಂಪನಿಯ ಮೇಲ್ಮನವಿ ವಿಚಾರಣೆಯ ನಡುವೆ ಸೋಷಿಯಲ್ ಮೀಡಿಯಾ ಬಳಕೆಗೆ ವಯಸ್ಸಿನ ಮಿತಿ ಇದ್ದರೆ ಒಳ್ಳೆಯದು ಎಂದು ಮೌಖಿಕವಾಗಿ ಹೇಳಿತ್ತು.

ಬೇಡ ಎನ್ನುವವರ ವಾದವೂ ಹಗುರವಲ್ಲ. ಮಗು ಸುಳ್ಳು ವಯಸ್ಸು ಕೊಟ್ಟು, ಅಣ್ಣನ ನಂಬರ್ ಹಾಕಿ ಒಳಗೆ ಹೋಗುತ್ತದೆ. ಆಮೇಲೆ ಅಲ್ಲಿ ಯಾರಾದರೂ ಪೀಡಿಸಿದರೆ ಮನೆಯಲ್ಲಿ ಹೇಳುವುದು ಹೇಗೆ? ಹೇಳಿದರೆ ಮೊದಲು ಹೊರಬೀಳುವುದು ತನ್ನ ಸುಳ್ಳೇ. ವಯಸ್ಸಿನ ಮಿತಿಯೊಂದೇ ಮಕ್ಕಳನ್ನು ಕಾಪಾಡುವುದಿಲ್ಲ ಎಂದು ಯುನಿಸೆಫ್ ಕೂಡ ಎಚ್ಚರಿಸಿದೆ.

ಭಾರತದ ದಾರಿ ಬೇರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರ ಮಾಹಿತಿ ಬಳಸಲು ಕಂಪನಿಗಳು ಅಪ್ಪ ಅಥವಾ ಅಮ್ಮನ ಒಪ್ಪಿಗೆ ಪಡೆಯಬೇಕು. ಆ ಒಪ್ಪಿಗೆ ನಿಜವೇ ಅಂತ ಪರೀಕ್ಷಿಸಬೇಕು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಒಪ್ಪಿಗೆಯ ಭಾಗ ಜಾರಿಯಾಗಲು 18 ತಿಂಗಳ ಸಮಯ ಕೊಟ್ಟಿದ್ದಾರೆ, ಅಂದರೆ 2027. ಇದು ಒಳ್ಳೆಯ ಕಾನೂನೇ. ಆದರೆ ಇದು ನೋಡುವುದು ಕಂಪನಿ ಮಗುವಿನ ಮಾಹಿತಿಯನ್ನು ಏನು ಮಾಡುತ್ತದೆ ಎಂಬುದನ್ನು. ಪಕ್ಕದ ಬೆಂಚಿನ ಹುಡುಗ ಮಗುವಿನ ಫೋಟೋವನ್ನು ಏನು ಮಾಡುತ್ತಾನೆ ಎಂಬುದು ಇದರ ವಿಷಯವಲ್ಲ.

ರೇಗಿಸುವುದು ಯಾವಾಗ ಕಿರುಕುಳವಾಗುತ್ತದೆ

ಮಕ್ಕಳು ಒಬ್ಬರನ್ನೊಬ್ಬರು ರೇಗಿಸುತ್ತಾರೆ. ಎಲ್ಲವನ್ನೂ ಕಿರುಕುಳ ಅನ್ನಲಾಗದು. ನಾರ್ವೆಯಲ್ಲಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೆಯಸ್ ದಶಕಗಳ ಹಿಂದೆ ಶಾಲಾ ಕಿರುಕುಳಕ್ಕೆ ಮೂರು ಗುರುತು ಹೇಳಿದರು. ನೋವು ಕೊಡುವ ಉದ್ದೇಶ ಇರಬೇಕು. ಮತ್ತೆ ಮತ್ತೆ ನಡೆಯಬೇಕು. ಪೀಡಿಸುವವರ ಕೈ ಮೇಲಿದ್ದು, ಪೀಡನೆಗೆ ಒಳಗಾದ ಮಗುವಿಗೆ ತಿರುಗಿ ನಿಲ್ಲಲು ಆಗದಂತಿರಬೇಕು.

ಫೋನಿನಲ್ಲಿ ಎರಡನೇ ಗುರುತು ಬದಲಾಗುತ್ತದೆ. ಒಬ್ಬ ಹುಡುಗ ಒಂದೇ ಒಂದು ಸಲ ಸಹಪಾಠಿಯ ಮುಖವನ್ನು ಸ್ಟಿಕ್ಕರ್ ಮಾಡಿ ಗ್ರೂಪಿಗೆ ಹಾಕುತ್ತಾನೆ. ಅವನ ಲೆಕ್ಕದಲ್ಲಿ ಅದು ಒಂದು ತಮಾಷೆ. ನಲವತ್ತು ಜನ ಅದನ್ನು ಸೇವ್ ಮಾಡಿಕೊಳ್ಳುತ್ತಾರೆ. ಆ ಮಗು ಬಾಯಿ ತೆರೆದಾಗೆಲ್ಲ ಯಾರಾದರೊಬ್ಬರು ಆ ಸ್ಟಿಕ್ಕರ್ ಹಾಕುತ್ತಾರೆ. ಹಾಕಿದವರೆಲ್ಲರೂ ಒಂದೊಂದೇ ಸಲ ಹಾಕಿರುತ್ತಾರೆ. ತಿಂದದ್ದು ಮಾತ್ರ ಒಂದೇ ಮಗು, ನಲವತ್ತು ಸಲ. ಹಾಗಾಗಿ 'ಒಂದೇ ಸಲ ಮಾಡಿದ್ದು ಬಿಡಿ' ಅಂತ ಶಾಲೆಯವರು ಹೇಳಿದರೆ ಆ ಲೆಕ್ಕ ಇಲ್ಲಿ ಸರಿಹೋಗುವುದಿಲ್ಲ.

ಇನ್ನೊಂದು ವ್ಯತ್ಯಾಸ ಇದೆ. ಮೊದಲೆಲ್ಲ ಶಾಲೆಯಲ್ಲಿ ಎಷ್ಟೇ ಗೋಳಾದರೂ ಮನೆಗೆ ಬಂದ ಮೇಲೆ ಉಸಿರಾಡಲು ಜಾಗ ಇತ್ತು. ಈಗ ಅದು ದಿಂಬಿನ ಪಕ್ಕಕ್ಕೇ ಬರುತ್ತದೆ. 2019ರಲ್ಲಿ ಯುನಿಸೆಫ್ 30 ದೇಶಗಳ ಹದಿಹರೆಯದವರನ್ನೂ ಯುವಜನರನ್ನೂ ಕೇಳಿದಾಗ ಮೂವರಲ್ಲಿ ಒಬ್ಬರು ಆನ್‌ಲೈನ್ ಕಿರುಕುಳ ಅನುಭವಿಸಿದ್ದಾಗಿ ಹೇಳಿದ್ದರು. ಐವರಲ್ಲಿ ಒಬ್ಬರು ಅದರಿಂದಾಗಿ ಶಾಲೆ ತಪ್ಪಿಸಿದ್ದರು.

ಎಲ್ಲ ಕಿರುಕುಳವೂ ಬೈಗುಳದ ರೂಪದಲ್ಲಿ ಬರುವುದಿಲ್ಲ ಎಂಬುದೂ ತಿಳಿದಿರಲಿ. ಒಬ್ಬಳನ್ನು ಮಾತ್ರ ಬಿಟ್ಟು ಹೊಸ ಗ್ರೂಪ್ ಮಾಡುವುದು, ಮೆಸೇಜ್ ಹಾಕಿದಾಗ ಇಡೀ ಗ್ರೂಪ್ ಬೇಕಂತಲೇ ಸುಮ್ಮನಿರುವುದು, ಮಗುವಿನ ಹೆಸರಲ್ಲಿ ಫೇಕ್ ಅಕೌಂಟ್ ತೆರೆದು ಬೇರೆಯವರಿಗೆ ಕೆಟ್ಟ ಮೆಸೇಜ್ ಕಳಿಸುವುದು, ಇವೂ ಅದೇ. ಮೊದಲೆರಡರಲ್ಲಿ ತೋರಿಸಲು ಸ್ಕ್ರೀನ್‌ಶಾಟ್ ಕೂಡ ಇರುವುದಿಲ್ಲ. ಆದರೆ ಹದಿಮೂರರ ವಯಸ್ಸಿಗೆ ಅವು ಬಹಳ ಆಳಕ್ಕೆ ಇಳಿಯುತ್ತವೆ.

ಮಗು ಯಾಕೆ ಹೇಳುವುದಿಲ್ಲ

ಇಡೀ ಸಮಸ್ಯೆಯ ಬೇರು ಇಲ್ಲಿದೆ ಎಂದು ನನಗನಿಸುತ್ತದೆ. ಪೀಡಿಸುವವನ ದೊಡ್ಡ ಬಲ ಅವನ ಆ್ಯಪ್ ಅಲ್ಲ, ನಮ್ಮ ಮಗುವಿನ ಮೌನ.

ಮಗು ಸುಮ್ಮನಿರಲು ಕಾರಣ ಇದೆ. ಹೇಳಿದರೆ ಫೋನ್ ಹೋಗುತ್ತದೆ. ಸಂಕಟದಲ್ಲಿರುವ ಮಗುವಿಗೆ ಫೋನ್ ಎಂದರೆ ಪೀಡಿಸುವವರು ಇರುವ ಜಾಗವೂ ಹೌದು, ಉಳಿದ ಒಬ್ಬಿಬ್ಬರು ಗೆಳೆಯರು ಇರುವ ಜಾಗವೂ ಹೌದು. ಅದನ್ನು ಕಿತ್ತುಕೊಂಡರೆ ಗೆಳೆಯರೂ ಹೋದರು. ತಪ್ಪು ಮಾಡಿದ್ದು ಬೇರೆಯವರು, ಶಿಕ್ಷೆ ತನಗೆ. ಮುಂದಿನ ಸಲ ಆ ಮಗು ಹೇಳುವುದಿಲ್ಲ. ತಂಗಿಗೂ 'ಮನೇಲಿ ಹೇಳ್ಬೇಡ' ಅಂತ ಕಲಿಸುತ್ತದೆ.

ಎರಡನೆಯದು ಭಯ. 'ನೀನೇನು ಮಾಡಿದ್ದೆ, ಸುಮ್‌ಸುಮ್ನೆ ಯಾರಾದ್ರೂ ಹಾಗೆ ಮಾಡ್ತಾರಾ?' ಈ ಪ್ರಶ್ನೆ ಬಂದೇ ಬರುತ್ತದೆ ಅಂತ ಮಗುವಿಗೆ ಗೊತ್ತು. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಭಾರ. 'ಫೋಟೋ ಯಾಕೆ ಹಾಕಿದೆ' ಎಂಬಲ್ಲಿಂದ ಶುರುವಾಗಿ ಟ್ಯೂಷನ್ ಬಿಡಿಸುವವರೆಗೆ ಹೋಗಬಹುದು. ಗಂಡುಮಕ್ಕಳಿಗೆ ಬೇರೆ ತೊಂದರೆ. 'ಇಷ್ಟಕ್ಕೆಲ್ಲ ಅಳ್ತೀಯಾ' ಅನ್ನುತ್ತಾರೆ ಅಂತ ಅವರು ಬಾಯಿ ಬಿಡುವುದೇ ಇಲ್ಲ.

ಮೂರನೆಯದು, ಮಗುವಿನ ಮಟ್ಟಿಗೆ ನಮಗೆ ಫೋನಿನ ವಿಷಯ ಗೊತ್ತಿಲ್ಲ. ಇದು ಪೂರ್ತಿ ಸುಳ್ಳಲ್ಲ. ಆದರೆ ಮಕ್ಕಳಿಗೂ ಎಲ್ಲ ಗೊತ್ತಿಲ್ಲ. ಹಳ್ಳಿ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆ 2024ರಲ್ಲಿ ಗ್ರಾಮೀಣ ಭಾರತದ 14ರಿಂದ 16 ವರ್ಷದವರನ್ನು ಕೇಳಿತು. ಸೋಷಿಯಲ್ ಮೀಡಿಯಾ ಬಳಸುವವರಲ್ಲಿ ಒಬ್ಬರನ್ನು ಬ್ಲಾಕ್ ಅಥವಾ ರಿಪೋರ್ಟ್ ಮಾಡುವುದು ಗೊತ್ತಿದ್ದದ್ದು ಸುಮಾರು 62 ಶೇಕಡಾ ಮಕ್ಕಳಿಗೆ. ಪ್ರೊಫೈಲನ್ನು ಪ್ರೈವೇಟ್ ಮಾಡುವುದು ಗೊತ್ತಿದ್ದದ್ದು ಸುಮಾರು 55 ಶೇಕಡಾ ಮಕ್ಕಳಿಗೆ. ಉಳಿದವರು ಬಾಗಿಲಿಗೆ ಚಿಲಕ ಎಲ್ಲಿದೆ ಅಂತ ತಿಳಿಯದೆ ಒಳಗಿದ್ದಾರೆ.

ಹಾಗಾಗಿ ಏನೂ ಆಗದೆ ಇರುವ ದಿನವೇ ಮಗುವಿಗೆ ಒಂದು ಮಾತು ಕೊಡಬೇಕು: 'ಫೋನಲ್ಲಿ ಯಾರಾದ್ರೂ ನಿನಗೆ ತೊಂದರೆ ಕೊಟ್ರೆ ಬಂದು ಹೇಳು. ಹೇಳಿದ್ದಕ್ಕೆ ಫೋನ್ ಕಿತ್ಕೊಳ್ಳಲ್ಲ. ನೀನೂ ಏನಾದ್ರೂ ತಪ್ಪು ಮಾಡಿದ್ರೆ ಅದನ್ನು ಆಮೇಲೆ ಮಾತಾಡೋಣ.' ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕು ಕೂಡ.

ಕಣ್ಣಿಗೆ ಬೀಳುವ ಗುರುತುಗಳು

ಹದಿಹರೆಯದಲ್ಲಿ ಮುಖ ಸಿಂಡರಿಸುವುದು, ಬಾಗಿಲು ಹಾಕಿಕೊಳ್ಳುವುದು ಸಹಜ. ಅದನ್ನೇ ನೋಡಿ ಹೆದರಬೇಕಿಲ್ಲ. ನೋಡಬೇಕಾದದ್ದು ದಿಢೀರ್ ಬದಲಾವಣೆ. ಫೋನ್ ಸದ್ದಾದಾಗ ಮಗು ಬೆಚ್ಚುತ್ತದಾ? ಸದಾ ಕೈಯಲ್ಲಿದ್ದ ಫೋನನ್ನು ಮುಟ್ಟದೆ ಬಿಟ್ಟಿದೆಯಾ, ಇಲ್ಲಾ ನೀವು ಬಂದ ಕೂಡಲೇ ಸ್ಕ್ರೀನ್ ಮುಚ್ಚುತ್ತದಾ? ಡಿಪಿ ತೆಗೆದಿದೆಯಾ? ಇದ್ದ ಖಾತೆ ಅಳಿಸಿ ಹೊಸದು ತೆರೆದಿದೆಯಾ? ಸೋಮವಾರ ಬೆಳಿಗ್ಗೆ ಹೊಟ್ಟೆನೋವು, ಶಾಲಾ ಬಸ್ ಬೇಡ, ವಾರ್ಷಿಕೋತ್ಸವದಲ್ಲಿ ಹೆಸರು ಕೊಟ್ಟಿದ್ದ ಡಾನ್ಸ್ ಬೇಡ. ದಿನಾ ಬರುತ್ತಿದ್ದ ಗೆಳತಿಯ ಹೆಸರು ಮನೆಮಾತಿನಿಂದ ಇದ್ದಕ್ಕಿದ್ದಂತೆ ಮಾಯವಾಗುವುದೂ ಒಂದು ಗುರುತು. ಅದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ.

ನೇರವಾಗಿ 'ನಿನ್ನನ್ನು ಯಾರಾದರೂ ಪೀಡಿಸ್ತಿದ್ದಾರಾ' ಅಂದರೆ 'ಇಲ್ಲ' ಎಂಬ ಉತ್ತರ ಸಿದ್ಧವಾಗಿರುತ್ತದೆ. 'ನಿಮ್ಮ ಕ್ಲಾಸ್ ಗ್ರೂಪಲ್ಲಿ ಯಾರನ್ನಾದರೂ ಜಾಸ್ತಿ ಗೇಲಿ ಮಾಡ್ತಾರಾ?' ಅಂತ ಕೇಳಿ ನೋಡಿ. ಬೇರೆಯವರ ಕತೆ ಹೇಳುವುದು ಮಗುವಿಗೆ ಸುಲಭ. ಎದುರುಬದುರು ಕೂತು ಕೇಳುವುದಕ್ಕಿಂತ ಸ್ಕೂಟರಿನಲ್ಲಿ ಹೋಗುವಾಗಲೋ ಅವರೆಕಾಯಿ ಸುಲಿಯುವಾಗಲೋ ಮಾತು ಬೇಗ ಹೊರಬರುತ್ತದೆ.

ಗೊತ್ತಾದ ರಾತ್ರಿ

ಮಗು ಹೇಳಿತು ಅಂತಿಟ್ಟುಕೊಳ್ಳಿ. ಆ ಕ್ಷಣ ಕೈ ನಡುಗುತ್ತದೆ, ಸಿಟ್ಟು ಬರುತ್ತದೆ. ಆ ಹುಡುಗನ ಅಪ್ಪನಿಗೆ ಫೋನ್ ಮಾಡಬೇಕು, ಗ್ರೂಪಿನಲ್ಲಿ ಬೈದು ಮೆಸೇಜ್ ಹಾಕಬೇಕು ಅನಿಸುತ್ತದೆ. ಬೆಳಗಿನವರೆಗೆ ತಡೆಯಿರಿ. ಸಿಟ್ಟಿನಲ್ಲಿ ಕಳಿಸಿದ ಮೆಸೇಜಿನ ಸ್ಕ್ರೀನ್‌ಶಾಟೂ ಹರಿದಾಡುತ್ತದೆ, ಮಾರನೇ ದಿನ ಅದರ ಬೆಲೆ ತೆರುವುದು ಮಗು.

ಮೊದಲು ಪೂರ್ತಿ ಕೇಳಿಸಿಕೊಳ್ಳಿ. 'ಹೇಳಿದ್ದು ಒಳ್ಳೇದಾಯ್ತು' ಅನ್ನಿ. ಆಮೇಲೆ ದಾಖಲೆ. ಅಳಿಸುವ ಮುಂಚೆ ಸ್ಕ್ರೀನ್‌ಶಾಟ್ ತೆಗೆಯಿರಿ. ಅದರಲ್ಲಿ ಹೆಸರು ಅಥವಾ ನಂಬರ್, ತಾರೀಕು, ಸಮಯ ಕಾಣಬೇಕು. ಖಾತೆಯ ಲಿಂಕ್ ಬರೆದಿಟ್ಟುಕೊಳ್ಳಿ. ಕೆಲವರು ಡಿಪಿ, ಹೆಸರು ಎರಡನ್ನೂ ಬದಲಾಯಿಸುತ್ತಾರೆ, ಆಗ ಉಳಿಯುವುದು ಲಿಂಕ್ ಮತ್ತು ನಂಬರ್ ಮಾತ್ರ. ಒಂದೇ ಸಲ ನೋಡಲಾಗುವ ಫೋಟೋ ಆದರೆ ಸ್ಕ್ರೀನ್‌ಶಾಟ್ ಬರುವುದಿಲ್ಲ, ಇನ್ನೊಂದು ಫೋನಿನಲ್ಲಿ ತೆಗೆಯಬೇಕು.

ಆದರೆ ಇಲ್ಲೊಂದು ಎಚ್ಚರಿಕೆ ಇದೆ, ಬಹಳ ಮುಖ್ಯವಾದದ್ದು. ಚಿತ್ರ ನಗ್ನವಾಗಿದ್ದರೆ ಅಥವಾ ಲೈಂಗಿಕವಾಗಿದ್ದರೆ ಅದನ್ನು ಸಾಕ್ಷಿ ಅಂತಲೂ ಕಾಪಿ ಮಾಡಬೇಡಿ. ಶಾಲೆಗೂ ನೆಂಟರಿಗೂ ಕಳಿಸಬೇಡಿ. 18 ವರ್ಷದೊಳಗಿನ ಮಗುವಿನ ಅಂಥ ಚಿತ್ರವನ್ನು ಹಂಚುವುದು ಅಪರಾಧ. ಇಟ್ಟುಕೊಳ್ಳುವುದರ ಬಗ್ಗೆಯೂ ಕಾನೂನು ಕಠಿಣವಾಗಿದೆ. 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸ್ಪಷ್ಟಪಡಿಸಿದೆ. ಲಿಂಕ್, ಖಾತೆಯ ಹೆಸರು, ಸಮಯ ಬರೆದುಕೊಳ್ಳಿ. ಫೋನನ್ನೇ ಪೊಲೀಸರಿಗೆ ತೋರಿಸಿ.

ದಾಖಲೆ ಆದ ಮೇಲೆ ಬ್ಲಾಕ್ ಮತ್ತು ರಿಪೋರ್ಟ್. ವಾಟ್ಸಾಪಿನಲ್ಲಿ ರಿಪೋರ್ಟ್ ಮಾಡಿದರೆ ಆ ಸಂಭಾಷಣೆಯ ಕೊನೆಯ ಐದು ಮೆಸೇಜ್ ಕಂಪನಿಗೆ ಹೋಗುತ್ತವೆ. ಹಾಗಾಗಿ ಕೆಟ್ಟ ಮೆಸೇಜ್ ಬಂದ ಕೂಡಲೇ ಮಾಡಿದರೆ ಒಳ್ಳೆಯದು. ಇನ್‌ಸ್ಟಾಗ್ರಾಂನಲ್ಲಿ ಬ್ಲಾಕ್ ಮಾಡಿದರೆ ಜಗಳ ಜಾಸ್ತಿಯಾಗುತ್ತದೆ ಎಂಬ ಹೆದರಿಕೆ ಇದ್ದರೆ 'ರಿಸ್ಟ್ರಿಕ್ಟ್' ಎಂಬ ಆಯ್ಕೆ ಇದೆ. ಆಗ ಪೀಡಿಸುವವನ ಕಾಮೆಂಟ್ ಅವನಿಗೆ ಮಾತ್ರ ಕಾಣುತ್ತದೆ. ತನ್ನನ್ನು ತಡೆದಿದ್ದಾರೆ ಅಂತ ಅವನಿಗೆ ಗೊತ್ತೂ ಆಗುವುದಿಲ್ಲ. ಪ್ರತಿದಿನ ಅದೇ ಬೆಂಚಿನ ಪಕ್ಕ ಕೂರಬೇಕಾದ ಮಗುವಿಗೆ ಇದು ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ಚಿತ್ರ ಇಟ್ಟುಕೊಂಡು ಬೆದರಿಸಿದರೆ

ಇದು ಬೇರೆಯೇ ತೂಕದ ವಿಷಯ. ಮಗುವಿನ ಸಾಮಾನ್ಯ ಫೋಟೋ ತೆಗೆದುಕೊಂಡು ಎಐನಿಂದ ನಗ್ನ ಚಿತ್ರ ಮಾಡುವುದು ಈಗ ಶಾಲಾ ಹುಡುಗರಿಗೂ ಸಾಧ್ಯ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೋ ಕಾಯ್ದೆ 2012ರಲ್ಲಿ ಬಂದದ್ದು. ಆದರೂ ಅದರ 11ನೇ ಸೆಕ್ಷನ್ ಮಗುವಿನ ನಿಜವಾದ ಅಥವಾ ಕೃತಕವಾಗಿ ಮಾಡಿದ ಚಿತ್ರವನ್ನು ಬಳಸುವುದಾಗಿ ಬೆದರಿಸುವುದನ್ನೂ ಸೇರಿಸಿಕೊಂಡಿದೆ. ಅಂದರೆ 'ಅದು ನಿಜವಾದ ಫೋಟೋ ಅಲ್ಲವಲ್ಲ' ಎಂಬ ಮಾತು ನಡೆಯುವುದಿಲ್ಲ.

ಹಣ ಕೊಡಬೇಡಿ. ಇನ್ನೊಂದು ಫೋಟೋ ಕಳಿಸಿದರೆ ಹಳೆಯದನ್ನು ಅಳಿಸುತ್ತೇನೆ ಎಂಬ ಮಾತನ್ನು ನಂಬಬೇಡಿ. ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ. ನಗ್ನ ಅಥವಾ ತಿರುಚಿದ ಚಿತ್ರದ ಬಗ್ಗೆ ಮಗುವಿನ ಪರವಾಗಿ ಯಾರು ದೂರು ಕೊಟ್ಟರೂ 24 ಗಂಟೆಯೊಳಗೆ ಕ್ರಮ ಕೈಗೊಳ್ಳಬೇಕು ಎಂದು 2021ರ ಐಟಿ ನಿಯಮಗಳು ಕಂಪನಿಗಳಿಗೆ ಹೇಳಿದವು. ಆಮೇಲೆ ಗಡುವು ಇನ್ನೂ ಬಿಗಿಯಾಗಿದೆ. 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆಯೂ ಇದೆ. ಚಿತ್ರ ಫೋನಿನಿಂದ ಹೊರಗೆ ಹೋಗುವುದಿಲ್ಲ, ಅದರ ಬೆರಳಚ್ಚಿನಂಥ ಒಂದು ಸಂಕೇತ ಮಾತ್ರ ಹೋಗುತ್ತದೆ. ಸೇವೆಗೆ ಸೇರಿದ ತಾಣಗಳಲ್ಲಿ ಅದೇ ಚಿತ್ರ ಕಂಡರೆ ಗುರುತಿಸಿ ತೆಗೆಯುತ್ತಾರೆ.

ಶಾಲೆಗೆ ಹೋಗುವುದಾ, ಠಾಣೆಗೆ ಹೋಗುವುದಾ

ನಮ್ಮ ದೇಶದಲ್ಲಿ 'ಸೈಬರ್ ಕಿರುಕುಳ' ಎಂಬ ಹೆಸರಿನ ಒಂದೇ ಅಪರಾಧ ಇಲ್ಲ. ಆನ್‌ಲೈನ್‌ನಲ್ಲಿ ಮನಸ್ಸಿಗೆ ನೋವಾಗುವಂತೆ ಬರೆಯುವುದನ್ನು ಅಪರಾಧ ಮಾಡಿದ್ದ ಐಟಿ ಕಾಯ್ದೆಯ 66ಎ ಸೆಕ್ಷನನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್‌ನಲ್ಲಿ ರದ್ದು ಮಾಡಿತು. ಅದರ ಪದಗಳು ತೀರಾ ಸಡಿಲವಾಗಿದ್ದವು, ಮಾತಿನ ಸ್ವಾತಂತ್ರ್ಯಕ್ಕೆ ಅಡ್ಡಿಯಾಗಿದ್ದವು. ರದ್ದಾದದ್ದು ಸರಿಯೇ. ಆದರೆ ಆ ಜಾಗಕ್ಕೆ ಮಕ್ಕಳಿಗಾಗಿ ಏನೂ ಬರಲಿಲ್ಲ. ಹೀಗಾಗಿ ಒಂದೊಂದು ಕೃತ್ಯಕ್ಕೆ ಒಂದೊಂದು ಸೆಕ್ಷನ್ ಹುಡುಕಬೇಕು. ಖಾಸಗಿ ಅಂಗದ ಚಿತ್ರ ತೆಗೆದು ಹರಡಿದರೆ 66ಇ, ಮಕ್ಕಳ ಲೈಂಗಿಕ ಚಿತ್ರಕ್ಕೆ 67ಬಿ, ಬೆದರಿಕೆಗೆ ಭಾರತೀಯ ನ್ಯಾಯ ಸಂಹಿತೆಯ 351. ಗ್ರೂಪಿನಿಂದ ಹೊರಹಾಕಿದ್ದಕ್ಕೆ, ಸ್ಟಿಕ್ಕರ್ ಮಾಡಿದ್ದಕ್ಕೆ ಸಾಮಾನ್ಯವಾಗಿ ಯಾವುದೂ ಇಲ್ಲ.

ಆದ್ದರಿಂದ ಗೇಲಿ, ಹೊರಗಿಡುವುದು, ಅಡ್ಡಹೆಸರು, ಮೀಮ್ ಇವೆಲ್ಲ ಶಾಲೆಯ ಮಟ್ಟದಲ್ಲೇ ಬಗೆಹರಿಯಬೇಕು. ಬಾಯಿಮಾತಿನಲ್ಲಿ ಹೇಳಿ ಬರುವ ಬದಲು ದೂರನ್ನು ಬರೆದು ಕೊಡಿ. ಯಾವ ದಿನ ಏನಾಯಿತು, ಶಾಲೆಯಿಂದ ಏನು ಕೇಳುತ್ತಿದ್ದೀರಿ ಎಂಬುದಿರಲಿ. ಶಾಲೆಯ ಹೊರಗೆ ನಡೆದದ್ದು ತಮಗೆ ಸೇರಿದ್ದಲ್ಲ ಎಂಬ ಉತ್ತರ ಬರಬಹುದು. ಮಗು ಅದರಿಂದಾಗಿಯೇ ಶಾಲೆಗೆ ಬರಲು ಹೆದರುತ್ತಿದೆ ಎಂದರೆ ಅದು ಶಾಲೆಯ ವಿಷಯವೇ. ಇಬ್ಬರನ್ನೂ ಎದುರು ನಿಲ್ಲಿಸಿ ಕೈಕುಲುಕಿಸುವ ರಾಜಿ ಬೇಡ ಅಂತ ಮೊದಲೇ ಹೇಳಿ. ಹೆದರಿದ ಮಗುವಿಗೆ ಅದು ಎರಡನೇ ಅವಮಾನ.

ಬೆದರಿಕೆ, ಲೈಂಗಿಕ ಚಿತ್ರ, ಹಣದ ಬೇಡಿಕೆ, ಅಪರಿಚಿತ ದೊಡ್ಡವರು ಹಿಂದೆ ಬಿದ್ದಿರುವುದು, ಇವು ಠಾಣೆಗೆ ಹೋಗುವ ವಿಷಯ. ಕರ್ನಾಟಕದಲ್ಲಿ ಇದಕ್ಕೆಂದು ಜಿಲ್ಲೆಗಳಲ್ಲಿ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗಳಿವೆ. ಹತ್ತಿರದ ಠಾಣೆಯಲ್ಲೂ ದೂರು ಕೊಡಬಹುದು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಕ್ಕಳ ಮತ್ತು ಮಹಿಳೆಯರ ವಿಷಯಕ್ಕೆ ಬೇರೆ ವಿಭಾಗ ಇದೆ, ಅಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. 1098 ಮಕ್ಕಳ ಸಹಾಯವಾಣಿ. ಹಣ ಹೋಗಿದ್ದರೆ ತಡ ಮಾಡದೆ 1930.

ಠಾಣೆ ಅಂದರೆ ಹಿಂಜರಿಕೆ ಸಹಜ. ಪೋಕ್ಸೋ ಪ್ರಕರಣದಲ್ಲಿ ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲಿ ಪಡೆಯಬೇಕು. ಹೇಳಿಕೆ ಪಡೆಯುವ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು. ಮಗುವಿನ ಹೆಸರು ಹೊರಗೆ ಬರಬಾರದು. ಇಂಥ ಅಪರಾಧ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದು ತಾನೇ ಒಂದು ಅಪರಾಧ, ಇದು ಶಾಲೆಗೂ ಅನ್ವಯಿಸುತ್ತದೆ. ಹಾಗಾಗಿ 'ಶಾಲೆಯ ಹೆಸರು ಹಾಳಾಗುತ್ತೆ, ಇಲ್ಲೇ ಮುಗಿಸೋಣ' ಎಂಬ ಮಾತಿಗೆ ಮಣಿಯಬೇಕಿಲ್ಲ.

ಮಗು ಊಟ ನಿದ್ದೆ ಬಿಟ್ಟಿದ್ದರೆ ದೂರಿನ ಕೆಲಸಕ್ಕಿಂತ ಮೊದಲು ಅದನ್ನು ನೋಡಿ. ಬದುಕಿರುವುದು ಬೇಡ ಎಂಬ ಅರ್ಥದ ಮಾತು ಒಂದೇ ಸಲ ಬಂದರೂ ಹಗುರವಾಗಿ ತೆಗೆದುಕೊಳ್ಳಬೇಡಿ. ಆ ಹೊತ್ತಿನಲ್ಲಿ ಮಗುವನ್ನು ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನ್ ಮತ್ತು ಇಂಟರ್‌ನೆಟ್ ಬಳಕೆಯ ತೊಂದರೆಗಳಿಗೆಂದೇ 2014ರಿಂದ ಶಟ್ ಕ್ಲಿನಿಕ್ ನಡೆಯುತ್ತಿದೆ.

ನಮ್ಮ ಮಗುವೇ ಮಾಡಿದ್ದರೆ

ಒಂದು ದಿನ ಶಾಲೆಯಿಂದ ಬರುವ ಕರೆ ಹೀಗೂ ಇರಬಹುದು: 'ನಿಮ್ಮ ಮಗ ಒಂದು ಮೀಮ್ ಮಾಡಿದ್ದಾನೆ.' ಬಹಳ ಸಲ ಅವನು ಮಾಡಿರುವುದೂ ಇಲ್ಲ, ಬಂದದ್ದನ್ನು ಮುಂದೆ ಕಳಿಸಿರುತ್ತಾನೆ. ನಮ್ಮ ಮಗು ಅಂಥವನಲ್ಲ ಅಂತ ವಾದಿಸುವ ಆಸೆ ಬರುತ್ತದೆ. ಹೊಡೆಯುವ ಸಿಟ್ಟೂ ಬರುತ್ತದೆ. ಹೊಡೆತ ತಿಂದ ಹುಡುಗ ಮುಂದಿನ ಸಲ ಫೇಕ್ ಅಕೌಂಟಿನಿಂದ ಮಾಡುವುದನ್ನು ಕಲಿಯುತ್ತಾನೆ ಅಷ್ಟೇ.

ಕಾನೂನು ಇಲ್ಲಿ ಮಕ್ಕಳನ್ನು ಮಕ್ಕಳಾಗಿಯೇ ನೋಡುತ್ತದೆ. 2015ರ ಬಾಲ ನ್ಯಾಯ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರನ್ನು ಲಾಕಪ್‌ಗಾಗಲಿ ಜೈಲಿಗಾಗಲಿ ಹಾಕುವಂತಿಲ್ಲ. ವಿಷಯ ಬಾಲ ನ್ಯಾಯ ಮಂಡಳಿಯ ಮುಂದೆ ಹೋಗುತ್ತದೆ. ಸಮಾಲೋಚನೆ, ಬುದ್ಧಿವಾದ, ಸಮುದಾಯ ಸೇವೆಯಂಥ ದಾರಿಗಳಿವೆ. 'ಕಂಪ್ಲೇಂಟ್ ಕೊಟ್ಟರೆ ಇನ್ನೊಂದು ಮಗುವಿನ ಬದುಕು ಹಾಳಾಗುತ್ತೆ' ಅಂತ ಹಿಂಜರಿಯುವ ಅಪ್ಪ ಅಮ್ಮಂದಿರಿಗೂ ಇದು ತಿಳಿದಿರಲಿ.

ಮನೆಯಲ್ಲಿ ಮಾಡಬೇಕಾದ ಕೆಲಸ ಸಣ್ಣದು, ಆದರೆ ಮುಜುಗರದ್ದು. ಅವನ ಪಕ್ಕ ಕೂತು ಆ ಮೀಮನ್ನು ಎಲ್ಲೆಲ್ಲಿಗೆ ಕಳಿಸಿದ್ದಾನೋ ಅಲ್ಲೆಲ್ಲ ಅವನ ಕೈಯಿಂದಲೇ ಅಳಿಸಬೇಕು. ಕಳಿಸಿ ಎರಡು ದಿನ ದಾಟಿದ್ದರೆ ವಾಟ್ಸಾಪಿನಲ್ಲಿ ಅವನಿಂದ ಅಳಿಸಲಾಗದೆ ಇರಬಹುದು. ಆಗ ಗ್ರೂಪಿನ ಅಡ್ಮಿನ್‌ಗೆ ಅವನೇ ಕೇಳಬೇಕು. ಗೇಲಿ ನಡೆದದ್ದು ಎಲ್ಲರ ಎದುರು. ಕ್ಷಮೆ ಮಾತ್ರ ಯಾರಿಗೂ ಕಾಣದ ಹಾಗೆ ಖಾಸಗಿ ಮೆಸೇಜಿನಲ್ಲಿ ಹೋದರೆ ಆ ಮಗುವಿಗೆ ನ್ಯಾಯ ಸಿಗುವುದಿಲ್ಲ. ಆ ಮಗು ಬೇಡ ಅನ್ನದಿದ್ದರೆ, ಅದೇ ಗ್ರೂಪಿನಲ್ಲಿ, ಅದೇ ನಲವತ್ತು ಜನರ ಎದುರು, ಅವನ ಹೆಸರಿನಲ್ಲಿ ಎರಡು ಸಾಲು: 'ಅದನ್ನು ಕಳಿಸಿದ್ದು ನನ್ನ ತಪ್ಪು. ದಯವಿಟ್ಟು ಎಲ್ಲರೂ ಡಿಲೀಟ್ ಮಾಡಿ.'